ಬಾಯಿ ಇದ್ದವರು, ಗೋಡೆ ಇದ್ದವರು

ಹೊಸಪೇಟೆಯಿಂದ ಕೊಪ್ಪಳದ ಕಡೆ ಹೊರಟ ರೈಲು ಮುನಿರಾಬಾದ್ ಮುಟ್ಟೋ ಮೊದಲು ತುಂಗಭದ್ರೆಯನ್ನು ದಾಟುತ್ತದೆ. ಬೋಗಿಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೈ ಮುಗಿದು ಒಂದು ನಾಣ್ಯ ಹೊಳೆಗೆ ಹಾಕುತ್ತಾರೆ. ಹಿಂದೆ ತಾಮ್ರದ ದುಡ್ಡು ಇದ್ದಾಗ ಅದರಿಂದ ನೀರು ಶುದ್ಧ ಆಗ್ತಿತ್ತು, ಅದಕ್ಕೇ ನಮ್ಮ ಪೂರ್ವಜರು ಹೀಗೆ ಮಾಡಿದ್ರು ಅನ್ನೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು. ಅದು ಹೊಳೆಗೆ ಬಿದ್ದರೆ ಪುಣ್ಯ ಬರಬಹುದು, ತಾಮ್ರವಂತೂ ಬರಲ್ಲ.

ತಾಮ್ರದ ನಾಣ್ಯದ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಅದನ್ನು ಹಿಡಿದು ಹೋದವರು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ. ನಿಂತ ನೀರಿನಲ್ಲಿ ಹಸಿರು ಕೂದಲಿನ ಹಾಗೆ ತೇಲುವ ಸ್ಪೈರೋಗೈರಾ ಪಾಚಿಯನ್ನು ಅವರು ಪ್ರಯೋಗಕ್ಕೆ ಇಟ್ಟುಕೊಂಡಿದ್ದರು. ತಾಮ್ರದ ನಾಣ್ಯ ಇಟ್ಟಿದ್ದ ನೀರಿಗೆ ಹಾಕಿದರೆ ಪಾಚಿ ಸಾಯುತ್ತಿತ್ತು. ಆ ನೀರಿನಲ್ಲಿ ಕರಗಿದ್ದ ತಾಮ್ರ ತೀರಾ ಕಡಿಮೆ. ಅವರು ತೀರಿಕೊಂಡ ಮೇಲೆ, 1893ರಲ್ಲಿ ಈ ಬರಹ ಅಚ್ಚಾಯಿತು. ತಾಮ್ರದ ಚೊಂಬಿನ ನೀರು ಒಳ್ಳೇದು ಅಂತ ನಾವು ಹೇಳುವಾಗ ನೆನಪಿಡಬೇಕಾದ್ದು ಇಷ್ಟು: ಕಾಯಿಲೆಯ ಕ್ರಿಮಿಯನ್ನು ಕೊಲ್ಲುವ ತಾಮ್ರವೇ ಪಾಚಿಯನ್ನೂ ಕೊಲ್ಲುತ್ತದೆ. ನಮಗೆ ಬೇಕಾದವರು ಯಾರು, ಬೇಡದವರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ.

ಈ ಸಲ ಇದನ್ನೆಲ್ಲ ಬರೆಯೋಕೆ ಕಾರಣ ಕಂಪ್ಲಿಯ ನಮ್ಮ ಮಾವ. ಅವರದ್ದು ಕಾಲುವೆ ಪಕ್ಕದಲ್ಲಿ ಭತ್ತದ ಗದ್ದೆ. ಗದ್ದೆಯ ತಗ್ಗಿನ ಕಡೆ ಒಂದು ಕೃಷಿ ಹೊಂಡ ತೋಡಿಸಿ ಎರಡು ವರ್ಷದಿಂದ ಕಾಟ್ಲಾ, ರೋಹು ಮರಿ ಬಿಡುತ್ತಿದ್ದಾರೆ. ಗದ್ದೆಯ ಬಸಿನೀರು ಹೋಗಿ ಸೇರುವುದು ಅಲ್ಲಿಗೇ. ಸತುವಿನ ಕೊರತೆಯಿಂದ ಪೈರಿನ ಎಲೆ ಕಂದು ಬಣ್ಣಕ್ಕೆ ತಿರುಗಿದಾಗ ಗೊಬ್ಬರದಂಗಡಿಯವನು ಯಾವಾಗಿನ ಜಿಂಕ್ ಸಲ್ಫೇಟ್ ಚೀಲದ ಬದಲು ಒಂದು ಪುಟ್ಟ ಬಾಟ್ಲಿ ಕೈಗಿಟ್ಟಿದ್ದಾನೆ. ನ್ಯಾನೋ ಸತು. 2021ರಲ್ಲಿ ನ್ಯಾನೋ ಯೂರಿಯಾ ಬಂತಲ್ಲ, ಅದರ ಹಿಂದೆಯೇ ಸತು, ತಾಮ್ರದ ನ್ಯಾನೋ ಗೊಬ್ಬರಗಳಿಗೂ ಈಗ ಅನುಮತಿ ಸಿಕ್ಕಿದೆ. ಮಾವ ಫೋನ್ ಮಾಡಿದರು.

"ಅಳಿಯಾ, ಇದನ್ನ ಹೊಡದ್ರ ಹೊಂಡದಾಗಿನ ಮೀನು ಸಾಯ್ತಾವೇನು? ಅಂಗಡಿಯವ ಏನೂ ಆಗಂಗಿಲ್ಲ ಅಂದ. ಅವನು ಮಾರೋನು, ಹಂಗೇ ಅಂತಾನ. ನೀನು ಓದಿದವ, ನೀ ಹೇಳು."

ನಾನು ಓದಿದ್ದು ಕಂಪ್ಯೂಟರ್ ಸೈನ್ಸು ಮಾವ ಅಂದರೆ ಅವರು ಕೇಳಲ್ಲ. ನಮ್ಮ ಕಡೆ ಇಂಜಿನಿಯರ್ ಅಂದರೆ ಪಂಪ್‌ಸೆಟ್‌ನಿಂದ ಹಿಡಿದು ಪಿಂಚಣಿ ಅರ್ಜಿವರೆಗೆ ಎಲ್ಲ ಗೊತ್ತಿರಲೇಬೇಕು. ಆದರೆ ಪ್ರಶ್ನೆ ಚೆನ್ನಾಗಿತ್ತು. ಮೀನಿಗಿಂತ ಮೊದಲು ಮೀನಿನ ಊಟದ ಬಗ್ಗೆ ಕೇಳಬೇಕಲ್ಲ ಅಂತ ನನಗನ್ನಿಸಿತು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಓಡಾಡುತ್ತಾ, ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಜೀವಿಗಳನ್ನು ಸೋಸಿ ತಿನ್ನುವ ಮೀನು. ಆ ತೇಲುಜೀವಿಗಳು ತಿನ್ನುವುದು ಅವಕ್ಕಿಂತ ಸಣ್ಣವನ್ನು, ಒಂದೇ ಒಂದು ಕೋಶದ ಪಾಚಿಯನ್ನು, ಪ್ಯಾರಮೀಸಿಯಂನಂಥ ಪ್ರಾಣಿಗಳನ್ನು. ಹೊಂಡದ ನೀರು ತೆಳು ಹಸಿರಾಗಿದ್ದರೆ ಮೀನು ಕೊಬ್ಬುತ್ತೆ ಅಂತ ಮಾವನಿಗೆ ಅನುಭವದಿಂದಲೇ ಗೊತ್ತು. ಆ ಹಸಿರು ಹೋದರೆ ವಿಷ ಮುಟ್ಟದೆಯೂ ಮೀನು ಸೊರಗುತ್ತದೆ.

ನ್ಯಾನೋ ಅಂದರೆ ಏನು ಅಂತ ಬೇಗ ಹೇಳಿಬಿಡ್ತೀನಿ. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣ. ನಮ್ಮ ತಲೆಗೂದಲ ದಪ್ಪ ಸುಮಾರು 80,000 ನ್ಯಾನೋಮೀಟರ್. ಒಂದು ಸಾಮಾನ್ಯ ಬ್ಯಾಕ್ಟೀರಿಯಾ ಸುಮಾರು 1,000. ಅಂದರೆ ಈ ಕಣ ಬ್ಯಾಕ್ಟೀರಿಯಾದ ಹತ್ತನೇ ಒಂದು ಪಾಲಿಗಿಂತಲೂ ಚಿಕ್ಕದು, ಆದರೂ ನೀರಿನಲ್ಲಿ ಕರಗಿದ್ದಲ್ಲ. ಸಕ್ಕರೆ ಕರಗುತ್ತೆ, ಅರಿಶಿನ ತೇಲುತ್ತೆ. ಇದು ಅರಿಶಿನದ ಜಾತಿ. ಅಷ್ಟು ಸಣ್ಣಗಾದ್ದರಿಂದ ತಳಕ್ಕೆ ಇಳಿಯದೆ ನೀರಿನಲ್ಲೇ ತೂಗಾಡುತ್ತಾ ಇರುತ್ತದೆ. ನೇಗೆಲಿಯ ಪಾಚಿಯನ್ನು ಕೊಂದದ್ದು ಕರಗಿದ ತಾಮ್ರ. ಮಾವನ ಪ್ರಶ್ನೆ ತೇಲುವ ಲೋಹದ ಬಗ್ಗೆ. ಇವೆರಡೂ ಒಂದು ಕೋಶದೊಳಕ್ಕೆ ಹೋಗುವ ದಾರಿಗಳೇ ಬೇರೆ.

ದಾರಿ ಬೇರೆ ಅನ್ನೋದನ್ನ ಕಣ್ಣಾರೆ ನೋಡಬಹುದು. ನೂರಿನ್ನೂರು ರೂಪಾಯಿ ಖರ್ಚು, ಒಂದು ವಾರದ ತಾಳ್ಮೆ ಇದ್ದರೆ ಸಾಕು. ಪಿಯುಸಿ ಓದುತ್ತಿರುವ ನಮ್ಮ ಅಕ್ಕನ ಮಗಳು ಮತ್ತು ನಾನು ಇದನ್ನು ಮಾಡಿದೆವು. ಹಂಪಿಯ ಬಾಳೆತೋಟಗಳ ನಡುವೆ ವಿಜಯನಗರದ ಕಾಲದಿಂದ ಹರಿಯುತ್ತಿರುವ ತುರ್ತು ಕಾಲುವೆ ಇದೆಯಲ್ಲ, ಅಲ್ಲಿಂದ ಒಂದು ಬಾಟಲಿ ನೀರು ತಂದೆವು. ಮಾವನ ಬಣವೆಯಿಂದ ಹಿಡಿ ಭತ್ತದ ಹುಲ್ಲು ತರಿಸಿ, ಕತ್ತರಿಸಿ, ನೀರಿಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟೆವು. ಮೂರನೇ ದಿನಕ್ಕೆ ವಾಸನೆ ಶುರು. ಅವ್ವ ಎರಡು ಸಲ ಅದನ್ನು ಚೆಲ್ಲೋಕೆ ಹೊರಟಿದ್ದರು. ಆರೇಳು ದಿನಕ್ಕೆ ಹುಲ್ಲಿನ ಮೇಲಿನ ಬ್ಯಾಕ್ಟೀರಿಯಾ ಬೆಳೆದು, ಅದನ್ನು ತಿನ್ನುವ ಏಕಕೋಶ ಜೀವಿಗಳು ಬೆಳೆದು, ಒಂದು ಹನಿಯಲ್ಲಿ ಸಂತೆ ನೆರೆದಿತ್ತು.

ನೋಡೋಕೆ ಬಳಸಿದ್ದು ಫೋಲ್ಡ್‌ಸ್ಕೋಪ್. ಸ್ಟ್ಯಾನ್‌ಫೋರ್ಡ್‌ನ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದ ಮಡಚುವ ಸೂಕ್ಷ್ಮದರ್ಶಕ, 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಮೊಬೈಲ್ ಕ್ಯಾಮೆರಾಗೆ ಅಂಟಿಸಿದರೆ ವಿಡಿಯೋನೂ ಆಗುತ್ತೆ. ಪ್ಯಾರಮೀಸಿಯಂ ಚಪ್ಪಲಿಯ ಅಟ್ಟೆಯ ಹಾಗೆ ಕಾಣುತ್ತೆ ಅಂತ ಪಾಠದಲ್ಲಿ ಓದಿದ್ದೇವೆ. ಹಾಗೇ ಕಂಡಿತು, ಆದರೆ ಅದು ಇಷ್ಟು ಅವಸರದ ಪ್ರಾಣಿ ಅಂತ ಪಾಠದಲ್ಲಿ ಯಾರೂ ಹೇಳಿರಲಿಲ್ಲ. ಉರುಳುತ್ತಾ, ಡಿಕ್ಕಿ ಹೊಡೆದು ಹಿಂದೆ ಸರಿದು, ಮತ್ತೆ ನುಗ್ಗುತ್ತಾ ಇರುತ್ತದೆ. ಅದೇ ಹನಿಯಲ್ಲಿ ಕಾಲುವೆಯ ಹಸಿರು ಪಾಚಿ, ಕಂದು ಬಣ್ಣದ ದೋಣಿಯಾಕಾರದ ಡಯಾಟಮ್‌ಗಳೂ ಇದ್ದವು.

ಆಮೇಲೆ ಆ ಹನಿಗೆ ಇಂಡಿಯನ್ ಇಂಕ್ ಸೋಕಿಸಿದೆವು. ಡ್ರಾಯಿಂಗ್ ಮಾಡುವವರು ಬಳಸುವ ಕಪ್ಪು ಶಾಯಿ, ಪೆನ್ನಿನ ಇಂಕಲ್ಲ. ಪೆನ್ನಿನ ಇಂಕು ಕರಗಿದ ಬಣ್ಣ. ಇಂಡಿಯನ್ ಇಂಕ್‌ನಲ್ಲಿರುವುದು ಮಸಿಯ ಕಣಗಳು, ಒಂದೊಂದೂ ನ್ಯಾನೋ ಗಾತ್ರದ್ದು. ಲೋಹ ಅಲ್ಲ, ಇಂಗಾಲ. ಆದರೆ ದಾರಿ ತೋರಿಸೋಕೆ ಅಷ್ಟು ಸಾಕು.

ಹತ್ತು ನಿಮಿಷದಲ್ಲಿ ಪ್ಯಾರಮೀಸಿಯಂ ಹೊಟ್ಟೆಯಲ್ಲಿ ಕಪ್ಪು ಗುಂಡುಗಳು ಕಾಣಿಸಿದವು. ಮೊದಲು ಎರಡು, ಆಮೇಲೆ ಐದಾರು, ಕಾಳುಮೆಣಸು ನುಂಗಿದ ಹಾಗೆ. ಪಕ್ಕದಲ್ಲೇ ಇದ್ದ ಪಾಚಿ ಮಾತ್ರ ಹಸಿರಾಗಿಯೇ ಇತ್ತು. ಸುತ್ತ ಮಸಿ, ಒಳಗೆ ಹಸಿರು. "ಮಾಮ, ಇದಕ್ಕೆ ಯಾಕೆ ಏನೂ ಆಗ್ಲಿಲ್ಲ?" ಅಂತ ಅವಳು ಕೇಳಿದಳು.

ಪಾಚಿಗೆ ಗೋಡೆ ಇದೆ, ಪ್ಯಾರಮೀಸಿಯಂಗೆ ಬಾಯಿ ಇದೆ. ಉತ್ತರ ಇಷ್ಟೇ.

ಹಸಿರು ಪಾಚಿಯ ಕೋಶಭಿತ್ತಿಯಲ್ಲಿ ರಂಧ್ರಗಳಿರುತ್ತವೆ, ಆದರೆ ಬಹಳ ಕಿರಿದು. ಸುಮಾರು 5ರಿಂದ 20 ನ್ಯಾನೋಮೀಟರ್. ಅದಕ್ಕಿಂತ ದೊಡ್ಡ ಕಣ ಹೊರಗೇ ನಿಲ್ಲಬೇಕು. ಹೊರಗೆ ಪಾಚಿ ಒಂದು ಲೋಳೆಯನ್ನು ಸುರಿಸಿಕೊಂಡಿರುತ್ತದೆ (ಹೊಳೆಯ ಕಲ್ಲಿನ ಮೇಲೆ ನಾವು ಜಾರಿ ಬೀಳುವುದು ಇಂಥ ಲೋಳೆಯಿಂದಲೇ). ಲೋಹದ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಪಾಚಿಯನ್ನು ಸೋಸಿ ತೆಗೆದು ಆಮ್ಲದಲ್ಲಿ ಕರಗಿಸಿ ಅಳೆದರೆ 'ಪಾಚಿಯಲ್ಲಿ ಇಷ್ಟು ಲೋಹ' ಅಂತ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯಲ್ಲಿ ಒಳಗಿರುವುದೆಷ್ಟು, ಮೈಗೆ ಅಂಟಿದ್ದೆಷ್ಟು ಅನ್ನೋದು ಬೇರೆಯಾಗಿ ನೋಡಬೇಕಾದ ವಿಷಯ. ಪತ್ರಿಕೆಗಳ ತಲೆಬರಹದಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಕಳೆದುಹೋಗುತ್ತದೆ.

ಹಾಗಂತ ಗೋಡೆ ಇದ್ದವರು ಕ್ಷೇಮ ಅಂದುಕೊಳ್ಳಬೇಡಿ. ಮೈಗಂಟಿದ ಬೆಳ್ಳಿಯ ಕಣ ಅಲ್ಲೇ ಕೂತು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಕರಗಿದ ಬೆಳ್ಳಿ, ಅಂದರೆ ಬೆಳ್ಳಿಯ ಅಯಾನು, ಗೋಡೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಕೋಶ ತನಗೆ ಬೇಕಾದ ಖನಿಜಗಳಿಗೆ ಅಂತ ತೆರೆದಿಟ್ಟ ಬಾಗಿಲುಗಳಿಂದಲೇ ಅದೂ ಒಳಗೆ ಹೋಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಎನ್ರಿಕ್ ನವಾರೊ ಮತ್ತು ಜೊತೆಗಾರರು 2008ರಲ್ಲಿ ಕ್ಲಾಮಿಡೋಮೊನಾಸ್ ಎಂಬ ಏಕಕೋಶ ಪಾಚಿಯ ಮೇಲೆ ಇದನ್ನೇ ತೋರಿಸಿದರು. ಬೆಳ್ಳಿಯ ನ್ಯಾನೋಕಣಗಳನ್ನು ಹಾಕಿದಾಗ ಪಾಚಿಯ ದ್ಯುತಿಸಂಶ್ಲೇಷಣೆ ಕುಸಿಯಿತು. ಅಯಾನುಗಳನ್ನು ಹಿಡಿದಿಡುವ ಸಿಸ್ಟೀನ್ ಎಂಬ ವಸ್ತುವನ್ನು ಜೊತೆಗೆ ಹಾಕಿದಾಗ ಆ ಹಾನಿ ನಿಂತಿತು. ಹೊಡೆತ ಕೊಟ್ಟದ್ದು ಅಯಾನು, ಕಣ ಅದನ್ನು ಹೊತ್ತು ತಂದು ಬಾಗಿಲ ಮುಂದೆ ಇಳಿಸುವ ಗಾಡಿ.

ಬಾಯಿ ಇದ್ದವರ ಕತೆ ಇನ್ನೂ ಸ್ವಾರಸ್ಯ. ಪ್ಯಾರಮೀಸಿಯಂ, ಟೆಟ್ರಾಹೈಮಿನಾ ಇವೆಲ್ಲ ಎದುರಿಗೆ ಬಂದ ಸಣ್ಣ ಕಣವನ್ನು ಊಟ ಅಂತಲೇ ನುಂಗುತ್ತವೆ. ನುಂಗಿದ್ದು ರಸದಾನಿ ಎಂಬ ಚೀಲ ಸೇರುತ್ತದೆ. ಕೆಲವೇ ನಿಮಿಷಗಳಲ್ಲಿ ಆ ಚೀಲದೊಳಗೆ ನಿಂಬೆರಸಕ್ಕೆ ಸಮೀಪದ ಹುಳಿ ತುಂಬಿಕೊಳ್ಳುತ್ತದೆ. ಕಾಂಗೋ ರೆಡ್ ಬಣ್ಣ ಹಚ್ಚಿದ ಯೀಸ್ಟ್ ತಿನ್ನಿಸಿದರೆ ಕೆಂಪು ಗುಂಡು ನೀಲಿಗೆ ತಿರುಗುವುದು ಕಾಣುತ್ತೆ, ಕಾಲೇಜುಗಳಲ್ಲಿ ಇದನ್ನು ಮಾಡಿಸುತ್ತಾರೆ. ಹೊರಗಿನ ನೀರಿನಲ್ಲಿ ಕರಗದೆ ತೇಲುತ್ತಿದ್ದ ಸತುವಿನ ಆಕ್ಸೈಡ್ ಆ ಹುಳಿಯಲ್ಲಿ ಕರಗುತ್ತದೆ. ಬಾಗಿಲಲ್ಲಿ ಕಾವಲಿದ್ದರೂ ಒಳಗೆ ಹೋದ ಮೇಲೆ ವಿಷ ಬಿಚ್ಚಿಕೊಳ್ಳುವ ಈ ಪರಿಗೆ ವಿಜ್ಞಾನಿಗಳು ಗ್ರೀಕರ ಮರದ ಕುದುರೆಯ ಹೆಸರಿಟ್ಟಿದ್ದಾರೆ. ನಮ್ಮವರು ಹೆಸರಿಟ್ಟಿದ್ದರೆ ಪೂತನಿಯ ಹಾಲು ಅನ್ನುತ್ತಿದ್ದರೇನೋ.

ಎರಡೂ ಗುಂಪಿಗೆ ಸೇರದವರೂ ಇದ್ದಾರೆ. ಓಕ್ರೋಮೊನಾಸ್ ಅಂತ ಒಂದಿದೆ. ಬಿಸಿಲು ಕಾಯಿಸಿ ಆಹಾರ ಮಾಡಿಕೊಳ್ಳುವಷ್ಟು ಹಸಿರೂ ಇದೆ, ಗಟ್ಟಿ ಗೋಡೆಯಿಲ್ಲ, ಸಿಕ್ಕಿದ್ದನ್ನು ನುಂಗುವ ಚಾಳಿಯೂ ಇದೆ. 2010ರ ಒಂದು ಅಧ್ಯಯನದಲ್ಲಿ ಬೆಳ್ಳಿಯ ನ್ಯಾನೋಕಣಗಳು ಇದರ ಕೋಶದ ಒಳಗೇ ಸಿಕ್ಕವು. ಹಾಗಾಗಿ 'ನೀರಿನಲ್ಲಿ ಲೋಹ ಎಷ್ಟಿದೆ' ಅನ್ನೋ ಪ್ರಶ್ನೆ ಅರ್ಧ ಮಾತ್ರ. ಯಾವ ರೂಪದಲ್ಲಿದೆ, ಆ ನೀರಿನಲ್ಲಿ ಯಾರು ಯಾರು ಇದ್ದಾರೆ ಅನ್ನೋದು ಉಳಿದರ್ಧ.

ಈಗ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಸಂಡೂರು ಬಂದಿರುತ್ತದೆ. ಲೋಹ ಅಂದಮೇಲೆ ನಮ್ಮ ಕಡೆ ಮತ್ತೇನು ಬರಬೇಕು? ನಾನು ಹೈಸ್ಕೂಲಿಗೆ ಹೋಗುವಾಗ ಹೊಸಪೇಟೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಬಿಳಿ ಯೂನಿಫಾರ್ಮು ಸಂಜೆಗೆ ಇಟ್ಟಿಗೆ ಬಣ್ಣ, ಅವ್ವ ಬಕೆಟ್ಟಿಗೆ ಹಾಕಿದರೆ ನೀರು ರಾಗಿ ಅಂಬಲಿಯ ಹಾಗೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಲೆಗಳ ನಿಜವಾದ ಬಣ್ಣ ಕಂಡಿತು. ಆಮೇಲೆ ಷರತ್ತುಗಳ ಮೇಲೆ ಗಣಿಗಳು ಮತ್ತೆ ತೆರೆದದ್ದು ನಿಮಗೆ ಗೊತ್ತೇ ಇದೆ.

ಆ ಕೆಂಪು ದೂಳು ಬಹುಪಾಲು ನ್ಯಾನೋ ಅಲ್ಲ. ಅದು ಮೈಕ್ರಾನ್ ಲೆಕ್ಕದ ದಪ್ಪ ದೂಳು. ಎಲೆಯ ಮೇಲೆ ಕೂತು, ಶ್ವಾಸಕೋಶಕ್ಕೆ ಹೋಗಿ, ಹಳ್ಳಕ್ಕೆ ಇಳಿದು ನೀರಿಗೆ ಬಿಸಿಲು ತಾಗದಂತೆ ಮಾಡಿ ಅದು ಕೊಡುವ ಕಾಟ ಬೇರೆ, ಮತ್ತು ಅದು ಸಣ್ಣ ಕಾಟವಲ್ಲ. ಆದರೆ ಕಬ್ಬಿಣದ ನ್ಯಾನೋಕಣ ಗಣಿಯಿಲ್ಲದೆಯೂ ಹುಟ್ಟುತ್ತದೆ. ನೆಲದಡಿಯ ಕಬ್ಬಿಣದ ನೀರು ಗಾಳಿಗೆ ಬಂದ ಕೂಡಲೇ ತುಕ್ಕಿನಂಥ ಕಣ ಕಟ್ಟುತ್ತದೆ. ಬೋರ್‌ವೆಲ್ ನೀರು ಹಿಡಿದಿಟ್ಟ ಕೊಡದ ತಳದಲ್ಲಿ ಕೆಂಪಗೆ ನಿಲ್ಲುವುದು ಅದೇ. ಅದರ ಮೂಲಕಣಗಳು ಎರಡರಿಂದ ಆರು ನ್ಯಾನೋಮೀಟರಿನಷ್ಟು ಚಿಕ್ಕವಿರಬಹುದು. ಭೀಮನಗಂಡಿಯಲ್ಲಿ ಬೆಟ್ಟ ಸೀಳಿಕೊಂಡು ದರೋಜಿ ಕೆರೆಯ ಕಡೆ ಹೋಗುವ ನಾರಿಹಳ್ಳದ ದಂಡೆಯ ಜೀವಿಗಳು ಗಣಿ ಲಾರಿ ಬರುವ ಸಾವಿರಾರು ವರ್ಷ ಮೊದಲಿಂದಲೂ ಕಬ್ಬಿಣದ ಜೊತೆಗೇ ಬಾಳಿವೆ.

ಕಬ್ಬಿಣದ ವಿಷಯದಲ್ಲಿ ಏಕಕೋಶ ಜೀವಿಯ ಕಷ್ಟ ನಾವು ಅಂದುಕೊಂಡದ್ದಕ್ಕೆ ಉಲ್ಟಾ. ಗಾಳಿ ಬೆರೆತ ನೀರಿನಲ್ಲಿ ಕಬ್ಬಿಣ ಕರಗುವುದೇ ಇಲ್ಲ ಅನ್ನಬಹುದು. ಸುತ್ತಲೂ ಕೆಂಪು ಕಣ, ಆದರೆ ಬಾಯಿಗಿಲ್ಲ. ಸಮುದ್ರದಲ್ಲಂತೂ ಪಾಚಿಗೆ ಕಬ್ಬಿಣದ ಬರಗಾಲ. ಕ್ಯಾಥರೀನ್ ಬಾರ್ಬೊ ಮತ್ತು ಸಂಗಡಿಗರು 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಂದದ ವಿಷಯ ಪ್ರಕಟಿಸಿದರು. ಬಾಯಿ ಇರುವ ಏಕಕೋಶ ಪ್ರಾಣಿಗಳು ಕಬ್ಬಿಣದ ಕಣಗಳನ್ನು ನುಂಗಿ, ರಸದಾನಿಯ ಹುಳಿಯಲ್ಲಿ ಅದನ್ನು ಮೆತ್ತಗೆ ಮಾಡಿ ಹೊರಬಿಟ್ಟಾಗ, ಪಾಚಿಗೆ ಬಳಸಿಕೊಳ್ಳೋಕೆ ಬರುವ ಕಬ್ಬಿಣ ಸಿಗುತ್ತದೆ. ಬಾಯಿ ಇದ್ದವರು ಅಗಿದು ಕೊಟ್ಟದ್ದನ್ನು ಗೋಡೆ ಇದ್ದವರು ಉಣ್ಣುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯ ಇದು, ಒಪ್ಪದವರು ಇರಬಹುದು: ಕಣದ ಲೆಕ್ಕದಲ್ಲಿ ನಮ್ಮ ನೀರಿನ ಸಣ್ಣ ಜೀವಿಗಳಿಗೆ ಬೆಟ್ಟದಿಂದ ಬರುವ ಕಬ್ಬಿಣಕ್ಕಿಂತ ಮನೆಯಿಂದ, ಅಂಗಡಿಯಿಂದ ಹೋಗುವ ಬೆಳ್ಳಿ, ತಾಮ್ರ, ಸತು ಹೆಚ್ಚು ಅಪಾಯ. ವಾಸನೆ ಬರದ ಸಾಕ್ಸು, ಬ್ಯಾಕ್ಟೀರಿಯಾ ತಡೆಯುವ ಟೀ ಶರ್ಟು ಅಂತ ಮಾರುವ ಎಷ್ಟೋ ಬಟ್ಟೆಗಳಲ್ಲಿ ಬೆಳ್ಳಿಯ ಕಣ ಇರುತ್ತೆ, ತೊಳೆದಾಗ ಒಂದಿಷ್ಟು ಬಿಡುತ್ತೆ. ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿ ಹಲವಕ್ಕೆ ಸತುವಿನ ಆಕ್ಸೈಡೇ ಆಧಾರ. ಬೆಳ್ಳಿಯ ಮಟ್ಟಿಗೆ ಒಂದು ಸಮಾಧಾನ ಇದೆ. ಚರಂಡಿ ನೀರಿನಲ್ಲಿ ಗಂಧಕ ಬೇಕಾದಷ್ಟಿರುತ್ತದೆ. 2011ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಪ್ರಾಯೋಗಿಕ ಕೊಳಚೆ ಶುದ್ಧೀಕರಣ ಘಟಕದಲ್ಲಿ ನೋಡಿದಾಗ ಬೆಳ್ಳಿಯ ಕಣಗಳಲ್ಲಿ ಹೆಚ್ಚಿನವು ಸಿಲ್ವರ್ ಸಲ್ಫೈಡ್ ಆಗಿ ಬದಲಾಗಿದ್ದವು. ಮನೆಯಲ್ಲಿ ಬೆಳ್ಳಿ ದೀಪ ಕಪ್ಪಾಗುತ್ತಲ್ಲ, ಅದೇ ಕಪ್ಪು. ಅದು ಸುಲಭಕ್ಕೆ ಕರಗಲ್ಲ, ವಿಷವೂ ಕಡಿಮೆ. ಚರಂಡಿಯ ಗಬ್ಬುವಾಸನೆಗೂ ಒಂದು ಉಪಯೋಗ.

ನೀರು ಅಳೆದು ನೋಡಿದರೆ ಆಯ್ತಲ್ಲ ಅಂತ ಕೇಳಬಹುದು. ಈಗ ಊರೂರಲ್ಲಿ ಆರ್‌ಓ ಮಾರುವವನ ಜೇಬಿನಲ್ಲಿ ಒಂದು ಟಿಡಿಎಸ್ ಮೀಟರ್ ಇರುತ್ತೆ, ನೀರಿಗದ್ದಿ ಸಂಖ್ಯೆ ತೋರಿಸಿ ಹೆದರಿಸುತ್ತಾನೆ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅನ್ನೋದನ್ನ, ಅಂದರೆ ಕರಗಿದ ಲವಣವನ್ನ. ತೇಲುವ ಕಣ ಅದಕ್ಕೆ ಕಾಣಲ್ಲ. ದೊಡ್ಡ ಪ್ರಯೋಗಾಲಯದಲ್ಲೂ ಒಂದು ತೊಡಕಿದೆ. 'ಕರಗಿದ ಲೋಹ' ಅಂತ ಅಳೆಯುವ ಮೊದಲು ನೀರನ್ನು 0.45 ಮೈಕ್ರಾನ್ ಜಾಲರಿಯಲ್ಲಿ ಸೋಸುವುದು ರೂಢಿ. ಜಾಲರಿಯ ಮೇಲೆ ನಿಂತದ್ದು ಕಣ, ಕೆಳಗಿಳಿದದ್ದು ಕರಗಿದ್ದು. 0.45 ಮೈಕ್ರಾನ್ ಅಂದರೆ 450 ನ್ಯಾನೋಮೀಟರ್. ನೂರು ನ್ಯಾನೋಮೀಟರಿನ ಕಣ ಆ ಜಾಲರಿಯಲ್ಲಿ ಎಂಟು ಬಾಗಿಲ ಮನೆಯಲ್ಲಿ ನುಗ್ಗಿದ ಬೆಕ್ಕಿನ ಹಾಗೆ ಹೊರಟುಹೋಗುತ್ತದೆ, ವರದಿಯಲ್ಲಿ 'ಕರಗಿದ ಲೋಹ' ಅಂತ ದಾಖಲಾಗುತ್ತದೆ. ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಎರಡೇ ಆಯ್ಕೆ ಇರುವ ಫಾರ್ಮ್ ಮಾಡಿಟ್ಟರೆ ಮೂರನೇ ಥರದ ಮನುಷ್ಯನೂ ಎರಡರಲ್ಲೊಂದನ್ನು ಒತ್ತಿ ಹೋಗುತ್ತಾನೆ.

ಮಾವನ ಬಾಟ್ಲಿಗೆ ಬರ್ತೀನಿ. ಸತು ಮತ್ತು ಪಾಚಿಯ ಬಗ್ಗೆ 2007ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ಸಂಶೋಧಕರು ಮಾಡಿದ ಪ್ರಯೋಗ ಬಹಳ ಉಪಯೋಗದ್ದು. ನ್ಯಾನೋ ಸತುವಿನ ಆಕ್ಸೈಡ್, ಸಾಮಾನ್ಯ ಸತುವಿನ ಆಕ್ಸೈಡ್, ನೀರಿನಲ್ಲಿ ಪೂರ್ತಿ ಕರಗುವ ಸತುವಿನ ಕ್ಲೋರೈಡ್, ಈ ಮೂರನ್ನೂ ಒಂದೇ ಜಾತಿಯ ಹಸಿರು ಏಕಕೋಶ ಪಾಚಿಗೆ ಕೊಟ್ಟು ನೋಡಿದರು. ಮೂರರಲ್ಲೂ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಲೀಟರಿಗೆ ಸುಮಾರು 60 ಮೈಕ್ರೋಗ್ರಾಂ ಸತು ಇದ್ದರೆ ಪಾಚಿಯ ಬೆಳವಣಿಗೆ ಅರ್ಧಕ್ಕಿಳಿಯಿತು. ನ್ಯಾನೋ ಅನ್ನೋ ಹೆಸರು ಅಲ್ಲಿ ಏನೂ ವ್ಯತ್ಯಾಸ ಮಾಡಲಿಲ್ಲ, ಕರಗಿದ ಸತುವೇ ಎಲ್ಲ ಮಾಡಿತು.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಸತುವಿಗೆ ಒಪ್ಪಿತ ಮಿತಿ ಲೀಟರಿಗೆ 5 ಮಿಲಿಗ್ರಾಂ. ಅಂದರೆ 5,000 ಮೈಕ್ರೋಗ್ರಾಂ. ನಾವು ನಿಶ್ಚಿಂತೆಯಿಂದ ಕುಡಿಯಬಹುದಾದ ನೀರಿನಲ್ಲಿ, ಆ ಪಾಚಿಯ ಬೆಳವಣಿಗೆಯನ್ನು ಅರ್ಧ ಮಾಡುವ ಪ್ರಮಾಣದ ಎಂಬತ್ತು ಪಟ್ಟಿಗಿಂತ ಹೆಚ್ಚು ಸತು ಇರಬಹುದು. ನೀರಿನ ವರದಿಯಲ್ಲಿ 'ಕುಡಿಯಲು ಯೋಗ್ಯ' ಅಂತ ಬಂದರೆ ಅದು ನಮಗೆ ಮಾತ್ರ ಬರೆದ ಮಾತು.

ಲೆಕ್ಕ ಹಾಕಿದೆ. ಒಂದು ಎಕರೆ ಗದ್ದೆಯಲ್ಲಿ ಎರಡು ಇಂಚು ನೀರು ನಿಂತಿದ್ದರೆ ಅದು ಸುಮಾರು ಎರಡು ಲಕ್ಷ ಲೀಟರ್. ಅಷ್ಟು ನೀರಿನಲ್ಲಿ 60 ಮೈಕ್ರೋಗ್ರಾಂ ಮಟ್ಟ ಮುಟ್ಟಲು ಬೇಕಾದ ಸತು ಬರೀ 12 ಗ್ರಾಂ. ಮಾವನ ಹೊಂಡ ಇಪ್ಪತ್ತು ಮೀಟರ್ ಉದ್ದ, ಅಷ್ಟೇ ಅಗಲ, ಎರಡು ಮೀಟರ್ ಆಳ. ಎಂಟು ಲಕ್ಷ ಲೀಟರ್. ಅದಕ್ಕೆ 48 ಗ್ರಾಂ. ಈಗ ಚೀಲದ ಜಿಂಕ್ ಸಲ್ಫೇಟ್ ನೋಡಿ. ಎಕರೆಗೆ 10 ಕೆಜಿ ಎರಚುವುದು ರೂಢಿ. ಅದರಲ್ಲಿ ಶೇ 21 ಸತು, ಅಂದರೆ 2,100 ಗ್ರಾಂ. ಅದರಲ್ಲಿ ನೂರಕ್ಕೆ ಎರಡೂವರೆ ಪಾಲು ಬಸಿನೀರಿನ ಜೊತೆ ಹೋದರೂ ಹೊಂಡದ ಲೆಕ್ಕ ಮುಗಿಯಿತು. ಬಾಟ್ಲಿಯ ಮೇಲೆ ಶೇಕಡಾ ಎಷ್ಟು ಅಂತ ಬರೆದಿರುತ್ತೆ. ಶೇ 1 ಅಂತಿದ್ದರೆ ಅರ್ಧ ಲೀಟರಿನಲ್ಲಿ ಇರುವುದೇ 5 ಗ್ರಾಂ, ಅದೂ ಹೆಚ್ಚಿನಂಶ ಎಲೆಯ ಮೇಲೆ ಕೂರುತ್ತದೆ.

ಇದು ಕಾಗದದ ಲೆಕ್ಕ ಅಂತಲೂ ಹೇಳಿದೆ. ಪ್ರಯೋಗಾಲಯದ ನೀರಿನಲ್ಲಿ ಕೆಸರಿರಲ್ಲ. ಕಂಪ್ಲಿಯ ಕಪ್ಪು ಎರೆಮಣ್ಣು ಸತುವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಗಡಸು ನೀರು ಅದರ ಹೊಡೆತವನ್ನು ತಗ್ಗಿಸುತ್ತದೆ. ಅದಕ್ಕೇ ಇಷ್ಟು ವರ್ಷ ಚೀಲಗಟ್ಟಲೆ ಹಾಕಿಯೂ ಗದ್ದೆಯಲ್ಲಿ ಪಾಚಿ ಉಳಿದಿದೆ. ಆದರೂ ಎರಡರಲ್ಲಿ ಆರಿಸು ಅಂದರೆ, ನ್ಯಾನೋ ಅನ್ನೋ ಹೆಸರಿಗೆ ಹೆದರಿ 2,100 ಗ್ರಾಮಿನ ಚೀಲಕ್ಕೆ ಹೋಗುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಬಾಟ್ಲಿ ಹೊಡೀರಿ ಮಾವ, ಆದರೆ ಹೊಡೆದ ದಿನ ಬಸಿಗಾಲುವೆ ಕಟ್ಟಿಡಿ, ಸ್ಪ್ರೇಯರ್ ಟ್ಯಾಂಕನ್ನು ಹೊಂಡದಲ್ಲೋ ಕಾಲುವೆಯಲ್ಲೋ ತೊಳೀಬೇಡಿ, ಒಣನೆಲದ ಮೇಲೆ ತೊಳೀರಿ ಅಂದೆ. ಗ್ರಾಮಿನ ಲೆಕ್ಕದಲ್ಲಿ ಟ್ಯಾಂಕಿನ ತಳದಲ್ಲಿ ಉಳಿದದ್ದೂ ಲೆಕ್ಕವೇ.

"ಮತ್ತ ಬೆಳೆಗೆ ಕೆಲಸ ಮಾಡ್ತೈತೇನು ಅದು?"

ಅದನ್ನ ಕೃಷಿ ವಿಜ್ಞಾನಿಗಳನ್ನ ಕೇಳಿ ಅಂದೆ. ಹೊಂಡದ ಕಡೆಯ ಅರ್ಧ ಎಕರೆಗೆ ಮಾತ್ರ ಹೊಡೆದು ನೋಡ್ತೀನಿ ಅಂದರು. ನಾನು ಹೇಳಿದ್ದಕ್ಕಿಂತ ಅದೇ ಒಳ್ಳೆ ಪ್ರಯೋಗ.

ಇನ್ನೊಂದು ಮಾತು ಉಳಿದಿದೆ. ಸಣ್ಣವರಲ್ಲಿ ಸೇರಿದ್ದು ದೊಡ್ಡವರಿಗೆ ಹೋಗುತ್ತದೆಯೇ? ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಮಾಡಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಯಾಡ್ಮಿಯಂ ನ್ಯಾನೋಕಣ ತುಂಬಿದ ಬ್ಯಾಕ್ಟೀರಿಯಾವನ್ನು ಟೆಟ್ರಾಹೈಮಿನಾ ತಿಂದಿತು. ತಿಂದದ್ದರ ಮೈಯಲ್ಲಿ ಕ್ಯಾಡ್ಮಿಯಂ ಪ್ರಮಾಣ ಬ್ಯಾಕ್ಟೀರಿಯಾದಲ್ಲಿದ್ದದ್ದಕ್ಕಿಂತ ಸುಮಾರು ಐದು ಪಟ್ಟು. ಅಷ್ಟೇ ಅಲ್ಲ, ಅದಕ್ಕೆ ಅಜೀರ್ಣವೂ ಆಯಿತು. ರಸದಾನಿಗಳಲ್ಲಿ ಅರಗದ ಬ್ಯಾಕ್ಟೀರಿಯಾ ತುಂಬಿಕೊಂಡೇ ಉಳಿದವು. ಅದಕ್ಕೂ ಮೊದಲು, 2008ರಲ್ಲಿ ಅಮೆರಿಕದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಟೆಟ್ರಾಹೈಮಿನಾದಿಂದ ಅದನ್ನು ತಿನ್ನುವ ರೋಟಿಫರ್ ಎಂಬ ಪುಟ್ಟ ಪ್ರಾಣಿಗೆ ಕಣ ದಾಟಿತ್ತು, ಆದರೆ ಪ್ರಮಾಣ ಮೇಲೇರಲಿಲ್ಲ. ಕಣ ಯಾವುದು, ತಿನ್ನುವವರು ಯಾರು ಅನ್ನೋದರ ಮೇಲೆ ಏಣಿ ಹತ್ತುವುದೋ ಇಳಿಯುವುದೋ ತೀರ್ಮಾನವಾಗುತ್ತದೆ.

ಕೋಶಗಳಿಗೂ ತಪ್ಪಿಸಿಕೊಳ್ಳುವ ದಾರಿಗಳಿವೆ. ಒಂದು, ಒಡೆದು ಎರಡಾಗುವುದು. ಮೈಯಲ್ಲಿದ್ದ ಲೋಹ ಪ್ರತಿ ಸಲ ಅರ್ಧರ್ಧ ಹಂಚಿಹೋಗುತ್ತದೆ, ಚುರುಕಾಗಿ ಬೆಳೆಯುವ ಪಾಚಿಯಲ್ಲಿ ತಲಾ ಪಾಲು ಕಡಿಮೆ. ಎರಡನೆಯದನ್ನು ನಾವು ಫೋಲ್ಡ್‌ಸ್ಕೋಪಿನಲ್ಲಿ ನೋಡಿದೆವು. ಮಸಿ ನುಂಗಿದ ಪ್ಯಾರಮೀಸಿಯಂ ಒಂದನ್ನು ಕಣ್ಣು ನೋಯುವಷ್ಟು ಹೊತ್ತು ಹಿಂಬಾಲಿಸಿದ ಮೇಲೆ, ಅದು ಹಿಂಬದಿಯಿಂದ ಒಂದು ಕಪ್ಪು ಗುಂಡನ್ನು ಹೊರಹಾಕಿತು. ಅಕ್ಕನ ಮಗಳು ನಕ್ಕಿದ್ದೇ ನಕ್ಕಿದ್ದು. ಆ ಗುಂಡು ಈಗ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಮಸಿಯಲ್ಲ, ಲೋಳೆಯಲ್ಲಿ ಕಟ್ಟಿದ ಉಂಡೆ. ಉಂಡೆ ತಳಕ್ಕೆ ಇಳಿಯುತ್ತದೆ. ಬಾಯಿ ಇದ್ದವರು ಹೀಗೆ ನೀರನ್ನು ಗುಡಿಸಿ ಕಸವನ್ನು ಕೆಸರಿಗೆ ಸೇರಿಸುತ್ತಾರೆ. ಕೆಸರಿನಲ್ಲಿ ಮೇಯುವವರ ಪಾಲಿಗೆ ಅದು ಅಲ್ಲಿ ಕಾದಿರುತ್ತದೆ.

ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದೆ. ಹಂಪಿಯ ಬಂಡೆಗಳ ನಡುವೆ ಬೆಳಗಿನ ಹೊತ್ತು ಅದೃಷ್ಟ ಇದ್ದರೆ ಕಾಣುತ್ತವೆ, ಗುಂಪಾಗಿ ಈಜುತ್ತಾ, ಮೀನು ಹಿಡಿದು ಬಂಡೆಯ ಮೇಲೆ ಕೂತು ತಲೆಯ ಕಡೆಯಿಂದ ಕಡಿದು ತಿನ್ನುತ್ತಾ. ಅವು ತಿನ್ನುವ ಮೀನುಗಳಲ್ಲಿ ಕೆಸರು ಮೇಯುವವೂ ಇವೆ, ತೇಲುಜೀವಿಗಳನ್ನು ಸೋಸುವವೂ ಇವೆ.